ನರ್ಮದೆಯ ಮರಳು ಕಟ್ಟಿದ ಬೇಟ್‌ಗಳು

ಅಹಮದಾಬಾದಿನ ಉತ್ತರದ ಅಂಚಿನಲ್ಲಿರುವ ಚಾಂದ್‌ಖೇಡಾದಿಂದ ಭರೂಚ್ ಸುಮಾರು 200 ಕಿಲೋಮೀಟರ್. ವಡೋದರ ದಾಟಿ ಸೂರತ್ ಕಡೆಗೆ ಸಾಗುವ ರೈಲು ಭರೂಚಿನಲ್ಲಿ ನರ್ಮದೆಯ ಸೇತುವೆಗೆ ಬಂದಾಗ ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿಯುವವರು ಇಂದಿಗೂ ಇದ್ದಾರೆ. ಬೇಸಿಗೆಯಲ್ಲಾದರೆ ಆ ನಾಣ್ಯ ನೀರಿಗಿಂತ ಮರಳಿನ ಮೇಲೆ ಬೀಳುವ ಸಂಭವವೇ ಹೆಚ್ಚು.

ಈ ಸೇತುವೆಯ ಎರಡೂ ದಿಕ್ಕಿಗೆ ಒಂದೊಂದು ನಡುಗಡ್ಡೆಯಿದೆ. ಹೊಳೆಯ ಮೇಲ್ಗಡೆ, ಶುಕ್ಲತೀರ್ಥದ ಹತ್ತಿರ, ಒಂದೇ ಆಲದ ಮರ ಹಬ್ಬಿ ಕಾಡಾಗಿರುವ ಕಬೀರ್‌ವಡ್. ಕೆಳಗಡೆ, ನರ್ಮದೆ ಖಂಭಾತ್ ಕೊಲ್ಲಿಗೆ ಸೇರುವಲ್ಲಿ, ಆಲಿಯಾಬೇಟ್. ಗುಜರಾತಿಯಲ್ಲಿ ಬೇಟ್ ಎಂದರೆ ದ್ವೀಪ. ಉಡುಪಿಯ ಕಡೆಯವರು ಹೊಳೆಯ ನಡುವಿನ ಇಂಥ ನೆಲವನ್ನು ಕುದ್ರು ಎನ್ನುತ್ತಾರೆ. ಎರಡನ್ನೂ ಕಟ್ಟಿದ್ದು ನದಿ ಹೊತ್ತು ತಂದ ಮರಳು ಮತ್ತು ಮೆಕ್ಕಲು. ಆದ್ದರಿಂದ ಇವುಗಳ ಚರಿತ್ರೆ ಎಂದರೆ ನದಿ ಏನನ್ನು ತಂದಿತು, ಏನನ್ನು ಕೊಂಡೊಯ್ದಿತು ಎಂಬುದರ ಲೆಕ್ಕ.

ಈ ಮರಳಿನ ಬಗ್ಗೆ ಮೊದಲು ವಿವರವಾಗಿ ಬರೆದವನು ಹೆಸರು ತಿಳಿಯದ ಒಬ್ಬ ಗ್ರೀಕ್ ವರ್ತಕ. ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯಲ್ಲಿ ಅವನು ಭರೂಚನ್ನು ‘ಬಾರಿಗಾಜಾ’ ಎಂದು ಕರೆಯುತ್ತಾನೆ. ನಮ್ಮ ಹಳೆಯ ಗ್ರಂಥಗಳ ಭರುಕಚ್ಛವೇ ಅದು. ಪಶ್ಚಿಮ ಕರಾವಳಿಯ ಅತಿ ದೊಡ್ಡ ಬಂದರುಗಳಲ್ಲಿ ಒಂದಾಗಿದ್ದರೂ ಅಲ್ಲಿಗೆ ಹಡಗು ತರುವುದು ಪ್ರಾಣಕ್ಕೆ ಬರುವ ಕೆಲಸ. ನದಿಯ ಬಾಯಿ ಎಲ್ಲಿದೆಯೆಂದು ದೂರದಿಂದ ತಿಳಿಯದು. ಕಂಡು ಒಳಗೆ ಬಂದರೆ ಮರಳದಿಬ್ಬಗಳು. ಅಲ್ಲಿಯ ಉಬ್ಬರ ದೇಶದಲ್ಲೇ ಅತಿ ಎತ್ತರದ್ದು. ನೀರು ಭೋರ್ಗರೆಯುತ್ತ ನುಗ್ಗಿ ಬಂದು, ದಿಬ್ಬಕ್ಕೆ ಸಿಕ್ಕಿಕೊಂಡ ಹಡಗನ್ನು ಮಗುಚಿ ಹಾಕುತ್ತಿತ್ತು. ಅದಕ್ಕಾಗಿ ಅಲ್ಲಿನ ಅರಸ ಬೆಸ್ತರನ್ನೇ ಸೇವೆಗೆ ಇಟ್ಟುಕೊಂಡಿದ್ದ. ಅವರು ದೋಣಿಗಳಲ್ಲಿ ಸೌರಾಷ್ಟ್ರದ ತೀರದವರೆಗೂ ಹೋಗಿ, ಬರುವ ಹಡಗುಗಳನ್ನು ಎದುರುಗೊಂಡು, ದಿಬ್ಬಗಳ ನಡುವೆ ದಾರಿ ತೋರಿಸಿ ಕರೆತರುತ್ತಿದ್ದರು. ಎರಡು ಸಾವಿರ ವರ್ಷಗಳ ಹಿಂದೆಯೇ ಈ ಮರಳನ್ನು ಬಲ್ಲವರಿಗೆ ಸಂಬಳ ಸಿಗುತ್ತಿತ್ತು.

ಮೇಲ್ಗಡೆಯ ಬೇಟ್‌ನಲ್ಲಿ ಬೇರೆಯೇ ಬಗೆಯ ಕಥೆ ಬೆಳೆಯಿತು. ಜೀವಾ ಮತ್ತು ತತ್ತ್ವಾ ಎಂಬ ಅಣ್ಣತಮ್ಮಂದಿರು ನಿಜವಾದ ಗುರುವನ್ನು ಹುಡುಕುತ್ತಿದ್ದರಂತೆ. ಯಾವ ಸಾಧುವಿನ ಪಾದ ತೊಳೆದ ನೀರಿನಿಂದ ಒಣ ರೆಂಬೆ ಚಿಗುರುವುದೋ ಅವನೇ ಗುರು ಎಂಬುದು ಅವರ ಪರೀಕ್ಷೆ. ಕಬೀರದಾಸರು ಬಂದಾಗ ರೆಂಬೆ ಚಿಗುರಿತು, ಅದೇ ಈ ಮರ ಎಂದು ಜನ ನಂಬುತ್ತಾರೆ. ಕಬೀರರು ಹಲ್ಲುಜ್ಜಿ ಎಸೆದ ಕಡ್ಡಿಯೇ ಬೇರು ಬಿಟ್ಟಿತು ಎನ್ನುವವರೂ ಇದ್ದಾರೆ. ಯಾವುದನ್ನು ಒಪ್ಪಿದರೂ ಬಿಟ್ಟರೂ, ಸಡಿಲ ನೆಲದಲ್ಲಿ ಆಲದ ಮರವೊಂದು ಉಳಿದುಕೊಂಡ ಬಗೆ ಮಾತ್ರ ಕಣ್ಣಿಗೆ ಕಾಣುವಂಥದ್ದು. ಬಿಳಲು ಇಳಿದು, ನೆಲ ಹಿಡಿದು, ತಾನೇ ಕಾಂಡವಾಗುತ್ತದೆ. ಒಂದು ಕಡೆ ದಡ ಕುಸಿದರೆ ಇನ್ನೊಂದು ಕಡೆ ಮರ ಮುಂದುವರಿಯುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜೇಮ್ಸ್ ಫೋರ್ಬ್ಸ್ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಭರೂಚ್ ಮತ್ತು ಡಭೋಯಿಯಲ್ಲಿದ್ದ. 1813ರಲ್ಲಿ ಅಚ್ಚಾದ ‘ಓರಿಯೆಂಟಲ್ ಮೆಮಾಯರ್ಸ್’ ಗ್ರಂಥದಲ್ಲಿ ಅವನು ಈ ಮರದ ಲೆಕ್ಕ ಕೊಟ್ಟಿದ್ದಾನೆ: ಮುಖ್ಯ ಕಾಂಡಗಳ ಸುತ್ತಳತೆ ಸುಮಾರು 2,000 ಅಡಿ, ದೊಡ್ಡ ಕಾಂಡಗಳು 350, ಸಣ್ಣವು 3,000ಕ್ಕೂ ಹೆಚ್ಚು, ನೆರಳಿನಲ್ಲಿ 7,000 ಜನ ತಂಗಬಹುದು. ಅವನು ನೋಡುವ ಹೊತ್ತಿಗಾಗಲೇ ಪ್ರವಾಹಗಳು ಮರದ ಒಂದು ಭಾಗವನ್ನು ಕೊಚ್ಚಿಕೊಂಡು ಹೋಗಿದ್ದವು. ಕೊಂಬೆಗಳ ತುಂಬ ಹಸಿರು ಪಾರಿವಾಳ, ನವಿಲು, ಬಾವಲಿ, ಕೋತಿ.

ಆಲದ ಮರಗಳ ಈ ಪ್ರಾಣಿಗಳ ಬಗ್ಗೆ ಹೇಳುತ್ತ ಫೋರ್ಬ್ಸ್ ಒಂದು ಘಟನೆ ಬರೆಯುತ್ತಾನೆ. ಬೇಟೆಗೆ ಹೋದ ಅವನ ಗೆಳೆಯನೊಬ್ಬ ಹೆಣ್ಣು ಕೋತಿಯೊಂದನ್ನು ಹೊಡೆದು ಡೇರೆಗೆ ತಂದ. ಹಿಂದೆಯೇ ನಲವತ್ತು ಐವತ್ತು ಕೋತಿಗಳು ಬಂದು ಡೇರೆ ಸುತ್ತುವರಿದವು. ಬಂದೂಕು ತೋರಿಸಿದಾಗ ಉಳಿದವು ಹಿಂದೆ ಸರಿದರೂ ಗುಂಪಿನ ಮುಖಂಡ ಸರಿಯಲಿಲ್ಲ. ಮೊದಲು ಗದರಿತು, ಆಮೇಲೆ ಡೇರೆಯ ಬಾಗಿಲಿಗೇ ಬಂದು ಗೋಳಿಡುತ್ತ, ಸತ್ತ ಕೋತಿಯನ್ನು ಕೊಡಿ ಎಂದು ಕೈಸನ್ನೆಯಲ್ಲಿ ಬೇಡಿತು. ಕೊಟ್ಟಾಗ ತೋಳಲ್ಲಿ ಎತ್ತಿಕೊಂಡು ಹೋಯಿತು. ಅದನ್ನು ಕಂಡವರು ಇನ್ನು ಮುಂದೆ ಕೋತಿಗಳ ಮೇಲೆ ಗುಂಡು ಹಾರಿಸುವುದಿಲ್ಲ ಎಂದುಕೊಂಡರಂತೆ.

ಕೆಳಗಡೆಯ ಆಲಿಯಾಬೇಟ್‌ಗೆ ಇಂಥ ಪ್ರಸಿದ್ಧಿ ಇರಲಿಲ್ಲ. ಉಪ್ಪು ನೆಲ, ಅಂಚಿನಲ್ಲಿ ಕಾಂಡ್ಲಾ ಗಿಡ, ಕೆಸರಿನಲ್ಲಿ ಮೇಯುವ ಕೊಕ್ಕರೆಗಳು. ಅಲ್ಲಿ ನೆಲೆಸಿದವರು ಕಚ್ಛ್ ಕಡೆಯಿಂದ ಬಂದ ಫಕೀರಾಣಿ ಜತ್ ಸಮುದಾಯದ ದನಗಾಹಿಗಳು. ಎಮ್ಮೆಗಳ ಜೊತೆಗೆ ಅವರು ಸಾಕಿದ್ದು ಖಾರಾಯಿ ಒಂಟೆಯನ್ನು. ಉಪ್ಪುನೀರಲ್ಲಿ ಈಜಿ ಹೋಗಿ ಕಾಂಡ್ಲಾ ಎಲೆ ಮೇಯುವ ತಳಿ ಅದು. ನೆಲ ನೀರು ಎರಡೂ ನೆಚ್ಚುವಂತಿಲ್ಲದ ಜಾಗಕ್ಕೆ ಸರಿಯಾದ ಪ್ರಾಣಿ.

ಸರ್ಕಾರದ ಕಣ್ಣು ಈ ದ್ವೀಪದ ಮೇಲೆ ಬಿದ್ದದ್ದು ತೈಲಕ್ಕಾಗಿ. 1960ರಲ್ಲಿ ನರ್ಮದೆಯ ದಕ್ಷಿಣ ದಡದ ಅಂಕಲೇಶ್ವರದಲ್ಲಿ ತೈಲ ಸಿಕ್ಕಿತ್ತು. 1970ರಲ್ಲಿ ಒಎನ್‌ಜಿಸಿ ಆಲಿಯಾಬೇಟ್ ಬಳಿ ದೇಶದ ಮೊದಲ ಕಡಲ ತೈಲಬಾವಿ ಕೊರೆಯಲು ತೊಡಗಿತು. ಆ ಮೇಲೆ 1974ರಲ್ಲಿ ಬಾಂಬೆ ಹೈ ಸಿಕ್ಕಿ, ಆಲಿಯಾಬೇಟ್‌ನ ಹೆಸರು ಹಿಂದೆ ಬಿತ್ತು. ಇವತ್ತು ಚಾಂದ್‌ಖೇಡಾದಲ್ಲಿ ಒಎನ್‌ಜಿಸಿಯ ದೊಡ್ಡ ಕಚೇರಿಯಿದೆ, ಸಂಸ್ಥೆಯ ಹೆಸರು ಹೊತ್ತ ಕೇಂದ್ರೀಯ ವಿದ್ಯಾಲಯವೂ ಇದೆ. ಆದರೆ ಬೇಟ್‌ನಲ್ಲೇ ಉಳಿದ ಜನ ಮತ ಹಾಕಲು ಸುಮಾರು 80 ಕಿಲೋಮೀಟರ್ ಸುತ್ತಿ ಬೇರೆ ಊರಿಗೆ ಹೋಗಬೇಕಾಗಿತ್ತು. 2022ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಹಡಗಿನ ಸರಕು ತುಂಬುವ ಕಂಟೇನರನ್ನೇ ಮತಗಟ್ಟೆ ಮಾಡಲಾಯಿತು.

ಮರಳಿನ ದ್ವೀಪವನ್ನು ಕಾಪಾಡಿಕೊಂಡ ಉದಾಹರಣೆ ಬೇರೆಡೆ ಇದೆ. ಆಸ್ಟ್ರೇಲಿಯಾದ ಫ್ರೇಸರ್ ದ್ವೀಪ ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ, ಉದ್ದ 120 ಕಿಲೋಮೀಟರಿಗೂ ಹೆಚ್ಚು. ಬರೀ ಮರಳಿನ ಮೇಲೆ ಅಲ್ಲಿ ಮಳೆಕಾಡು ಬೆಳೆದಿದೆ. 1976ರಲ್ಲಿ ಅಲ್ಲಿ ಮರಳು ಗಣಿಗಾರಿಕೆ ನಿಂತಿತು, 1991ರಲ್ಲಿ ಮರ ಕಡಿಯುವುದು ನಿಂತಿತು, 1992ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಮೂಲನಿವಾಸಿ ಬುಚುಲ್ಲಾ ಜನರ ‘ಗರ್ರಿ’ ಎಂಬ ಹೆಸರು 2023ರಲ್ಲಿ ಅಧಿಕೃತವಾಗಿ ಮರಳಿತು. ಆ ದ್ವೀಪದ ಮೇಲಿನ ಕೊಡಲಿ, ಗಣಿ ನಿಲ್ಲಿಸಿದ್ದು ಅದರ ಉಳಿವಿಗೆ ದೊಡ್ಡ ಆಸರೆಯಾಯಿತು.

ನರ್ಮದೆಯ ಬೇಟ್‌ಗಳಿಗೆ ಅಷ್ಟು ಸಾಲದು. ಅವುಗಳ ಭವಿಷ್ಯ ತೀರ್ಮಾನವಾಗುವುದು ದೂರದಲ್ಲಿ. ಇಂದಿರಾ ಸಾಗರ, ಓಂಕಾರೇಶ್ವರ, ಕೊನೆಗೆ 2017ರಲ್ಲಿ 138.68 ಮೀಟರ್ ಎತ್ತರಕ್ಕೆ ಪೂರ್ಣಗೊಂಡ ಸರ್ದಾರ್ ಸರೋವರ: ಒಂದೊಂದು ಅಣೆಕಟ್ಟೂ ನೀರಿನ ಜೊತೆ ಮರಳನ್ನೂ ತಡೆದಿದೆ. ಸಿಹಿನೀರಿನ ಹರಿವು ಕುಗ್ಗಿದಂತೆ ಸಮುದ್ರದ ಉಪ್ಪು ಮೇಲೇರಿತು. ಮಳೆಗಾಲದಲ್ಲಿ ಮೊಟ್ಟೆಯಿಡಲು ಕಡಲಿನಿಂದ ನದಿಗೆ ಬರುವ ಹಿಲ್ಸಾ ಮೀನು ಕಡಿಮೆಯಾಯಿತು. ಉಪ್ಪನ್ನು ತಡೆಯಲು ಭರೂಚಿನ ಕೆಳಗೆ ಭಾಡ್‌ಭೂತ್‌ನಲ್ಲಿ ಇನ್ನೊಂದು ಒಡ್ಡು ಕಟ್ಟುವ ಕೆಲಸ ಶುರುವಾದಾಗ, ಮೀನಿನ ದಾರಿ ಮುಚ್ಚುತ್ತದೆಂದು ಬೆಸ್ತರು ವಿರೋಧಿಸಿದರು. ಇನ್ನೊಂದು ಕಡೆ, 2023ರ ಸೆಪ್ಟೆಂಬರಿನಲ್ಲಿ ತುಂಬಿದ ಅಣೆಕಟ್ಟಿನಿಂದ ಬಿಟ್ಟ ನೀರು ಭರೂಚ್, ಅಂಕಲೇಶ್ವರಗಳಿಗೆ ನುಗ್ಗಿತು. ಬತ್ತಿದ ನದಿ, ಉಕ್ಕಿದ ನದಿ ಎರಡನ್ನೂ ಈ ದಡಗಳು ಕೆಲವೇ ವರ್ಷಗಳಲ್ಲಿ ಕಂಡವು.

ಇದರಲ್ಲಿ ಒಬ್ಬರನ್ನೇ ದೂರುವುದು ಸುಲಭವಲ್ಲ. ಅಣೆಕಟ್ಟಿನಿಂದ ಹೊರಟ ಮುಖ್ಯ ಕಾಲುವೆ ಗುಜರಾತಿನೊಳಗೇ 458 ಕಿಲೋಮೀಟರ್ ಹರಿದು ರಾಜಸ್ಥಾನಕ್ಕೆ ಹೋಗುತ್ತದೆ. ಕಚ್ಛ್, ಸೌರಾಷ್ಟ್ರದ ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು ಕೊಡ ಹೊತ್ತು ನಡೆಯುವ ದೂರವನ್ನು ಈ ನೀರು ಕಡಿಮೆ ಮಾಡಿದೆ. ಅಹಮದಾಬಾದಿನ ನಲ್ಲಿಗಳಲ್ಲಿ ಬರುವುದೂ ಬಹುಪಾಲು ನರ್ಮದೆಯೇ. ಆದರೆ ನದಿಯ ಲೆಕ್ಕ ಬರೆಯುವಾಗ ಕುಡಿಯುವವರ ಪಾಲು, ಹೊಲದ ಪಾಲು, ವಿದ್ಯುತ್ತಿನ ಪಾಲು ಎಲ್ಲ ಬಂದು, ಸಮುದ್ರಕ್ಕೆ ಹೋಗುವ ನೀರನ್ನು ವ್ಯರ್ಥ ಎಂದು ಬರೆಯುವ ರೂಢಿಯಿದೆ. ಬೇಟ್‌ಗಳು, ಹಿಲ್ಸಾ, ಕಾಂಡ್ಲಾ ಕಾಡು, ಅಲ್ಲಿನ ಜನ ಬದುಕಿದ್ದು ಆ ‘ವ್ಯರ್ಥ’ ನೀರಿನಿಂದಲೇ.

ಕಬೀರ್‌ವಡ್‌ಗೆ ದೋಣಿಯಲ್ಲಿ ದಾಟಿದವರು ಇಂದಿಗೂ ಬಿಳಲುಗಳ ನಡುವೆ ಮೂಲ ಕಾಂಡ ಯಾವುದೆಂದು ಹುಡುಕುತ್ತಾರೆ. ಚಾಂದ್‌ಖೇಡಾದಿಂದ ಸ್ವಲ್ಪ ಉತ್ತರಕ್ಕೆ, ಅಡಾಲಜ್ ಬಳಿ ಹರಿಯುವ ಕಾಲುವೆಯಲ್ಲೂ ಅದೇ ನದಿಯ ನೀರಿದೆ. ಬೆಟ್ಟಗಳಿಂದ ಅದರ ಜೊತೆಗೆ ಇಳಿದು ಬಂದ ಮರಳು ಮಾತ್ರ ಅಣೆಕಟ್ಟುಗಳ ಹಿಂದೆ ಉಳಿದುಕೊಂಡಿದೆ.