ಮುಳ್ಳು ಹೇಳಿದ ಸುಳ್ಳು: ಸೈಕಲಿನ ಮೂರು ವಾಲ್ವುಗಳ ಚರಿತ್ರೆ



ಕಳೆದ ಬೇಸಗೆ ರಜೆಯಲ್ಲಿ ನಾವು ಹನ್ನೊಂದು ಮಂದಿ ಮಂಜೇಶ್ವರದಿಂದ ಬೇಕಲ ಕೋಟೆಗೆ ಸೈಕಲಿನಲ್ಲಿ ಹೊರಟಿದ್ದೆವು. ಗೇಜು ಇರುವ ಪಂಪು ಇದ್ದದ್ದು ಒಂದೇ. ಮುಳ್ಳು 50 ಪಿ.ಎಸ್.ಐ. ತೋರಿಸುವಷ್ಟು ಎಲ್ಲ ಸೈಕಲುಗಳಿಗೂ ಗಾಳಿ ಹೊಡೆದೆವು. ಕುಂಬಳೆ ತಲಪುವ ಮೊದಲೇ ನಮ್ಮ ಹಳೆಯ ಕರಿ ಸೈಕಲು ಹೊಂಡಕ್ಕೆ ಇಳಿಯಿತು. ಟ್ಯೂಬು ರಿಮ್ಮಿಗೂ ರಸ್ತೆಯ ಕಲ್ಲಿಗೂ ನಡುವೆ ಸಿಕ್ಕಿ ಎರಡು ತೂತಾಯಿತು, ಸವಾರನ ಮೊಣಕೈ ತರಚಿತು. ಪಂಕ್ಚರ್ ಹಾಕಿದ ಅಜ್ಜ ನಕ್ಕು, "ಮಕ್ಕಳೇ, ಆ ಮುಳ್ಳು ನೋಡಿ ಮರುಳಾಗ್ಬೇಡಿ. ಈ ವಾಲ್ವಿಗೆ ಹೆಬ್ಬೆರಳೇ ಗೇಜು" ಎಂದರು.

ಅವರ ಮಾತು ನಮಗೆ ಆಗ ಅರ್ಥವಾಗಲಿಲ್ಲ. ಅದನ್ನು ತಿಳಿಯಲು ನೂರಮೂವತ್ತು ವರ್ಷಕ್ಕೂ ಹಿಂದೆ ಹೋಗಬೇಕಾಯಿತು.

ಗಾಳಿ ತುಂಬಿದ ಚಕ್ರಕ್ಕೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಆಗ ಸೈಕಲೇ ಇರಲಿಲ್ಲ, ಜನ ಅದನ್ನು ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದೇ ಉಪಾಯಕ್ಕೆ ಮತ್ತೆ ಪೇಟೆಂಟ್ ಪಡೆದ. ಮಗನ ಮೂರು ಗಾಲಿಯ ಸೈಕಲಿಗೆಂದು ಶುರು ಮಾಡಿದ ಕೆಲಸ ಅದು. ಹಳೆಯ ಪೇಟೆಂಟ್ ಬೆಳಕಿಗೆ ಬಂದು ಅವನದ್ದು ಊರ್ಜಿತವಾಗಲಿಲ್ಲ, ಹೆಸರು ಮಾತ್ರ ಉಳಿಯಿತು.

ಒಳಹೋದ ಗಾಳಿ ಹೊರಬರಬಾರದು, ಇದೇ ಮುಂದಿನ ತಲೆನೋವು. ಇಂಗ್ಲೆಂಡಿನವರು ಇದಕ್ಕೆ ವುಡ್ಸ್ ವಾಲ್ವ್ ತಂದರು. ನಮ್ಮ ಅಂಗಡಿಗಳಲ್ಲಿ 'ವಾಲ್ ಟ್ಯೂಬ್' ಎಂದು ತುಂಡು ತುಂಡಾಗಿ ಮಾರುವ ಸಪೂರ ರಬ್ಬರ್ ನಳಿಗೆ ಇದೆಯಲ್ಲ, ಅದೇ ಅದರ ಜೀವ. ಕಡ್ಡಿಯಂಥ ಲೋಹದ ಕೊಳವೆಯ ಬದಿಯ ತೂತನ್ನು ಅದು ಮುಚ್ಚಿಕೊಂಡಿರುತ್ತದೆ. ಪಂಪಿನ ಗಾಳಿ ರಬ್ಬರನ್ನು ಎತ್ತಿ ಒಳಗೆ ಹೋಗುತ್ತದೆ, ಒಳಗಿನ ಗಾಳಿ ಅದೇ ರಬ್ಬರನ್ನು ತೂತಿಗೆ ಒತ್ತಿ ಬಾಗಿಲು ಹಾಕುತ್ತದೆ. ಬಡವನ ಕೈಗೆಟಕುವ, ಯಾವ ಹಳ್ಳಿಯಲ್ಲೂ ದುರಸ್ತಿಯಾಗುವ ಜಾಣ ಉಪಾಯ. ತೊಂದರೆ ಒಂದೇ: ಹೊರಗಿನ ಗೇಜಿಗೆ ಒಳಗಿನ ಗಾಳಿ ಎಂದೂ ಎದುರಾಗುವುದಿಲ್ಲ. ಪಂಪು ಒತ್ತುವಾಗ ಮುಳ್ಳು ತೋರಿಸುವುದು ಟ್ಯೂಬಿನ ಒತ್ತಡದ ಜತೆಗೆ ರಬ್ಬರನ್ನು ಎತ್ತಲು ಬೇಕಾದ ಒತ್ತಡವನ್ನೂ. ರಬ್ಬರ್ ಹಳತಾಗಿ ಅಂಟಿಕೊಂಡಿದ್ದರೆ ಲೆಕ್ಕ ಇನ್ನೂ ತಪ್ಪುತ್ತದೆ. ನಮ್ಮ 50, ನಿಜಕ್ಕೂ 50 ಆಗಿರಲೇ ಇಲ್ಲ!

ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಜರ್ಮನಿಯಿಂದ ವಲಸೆ ಬಂದ ಆಗಸ್ಟ್ ಶ್ರೇಡರನ ಕಾರ್ಖಾನೆ ಬೇರೆ ದಾರಿ ಹಿಡಿಯಿತು. ಮುಳುಗುಗಾರರ ಉಡುಪಿನ ಸಲಕರಣೆ ಮಾಡಿ ಪಳಗಿದ್ದವರು ಅವರು. 1893ರಲ್ಲಿ ಪೇಟೆಂಟ್ ದೊರೆತ ಶ್ರೇಡರ್ ವಾಲ್ವು ಮುಂದೆ ಬೈಕು ಕಾರುಗಳಿಗೂ ಹಬ್ಬಿತು. ಈಗ ನಾವು ಕಾಣುವ ಶ್ರೇಡರ್ ವಾಲ್ವಿನಲ್ಲಿ ಸ್ಪ್ರಿಂಗು ಮತ್ತು ನಡುವೆ ಒಂದು ಪಿನ್ನು ಇದೆ. ಗೇಜು ಆ ಪಿನ್ನನ್ನು ಒತ್ತಿದ ಕೂಡಲೇ ಒಳಗಿನ ಗಾಳಿ ನೇರ ಗೇಜಿಗೆ ಬರುತ್ತದೆ, ಅಳತೆ ನಂಬಬಹುದು.

ಫ್ರಾನ್ಸಿನ ಎತಿಯೆನ್ ಸ್ಕ್ಲಾವೆರಾಂ ರೂಪಿಸಿದ್ದು ಮೂರನೆಯದು, ಇಂದಿನ ಪ್ರೆಸ್ಟಾ. ಶ್ರೇಡರಿಗೆ ರಿಮ್ಮಿನಲ್ಲಿ ಸುಮಾರು 8 ಮಿ.ಮೀ. ತೂತು ಬೇಕು, ಇದಕ್ಕೆ 6 ಮಿ.ಮೀ.ಗಿಂತ ತುಸು ಹೆಚ್ಚಿದ್ದರೆ ಸಾಕು. ಹಾಗಾಗಿ ಸಪೂರ ರಿಮ್ಮಿನ ರೇಸ್ ಸೈಕಲುಗಳು ಇದನ್ನೇ ಮೆಚ್ಚಿದವು. ತುದಿಯ ಪುಟ್ಟ ನಟ್ಟನ್ನು ಸಡಿಲಿಸಿ, ಒಮ್ಮೆ ಒತ್ತಿ 'ಫುಸ್' ಎನಿಸಿದ ಮೇಲೆಯೇ ಪಂಪು ಹಚ್ಚಬೇಕು. ಇಲ್ಲವಾದರೆ ಅಂಟಿಕೊಂಡ ವಾಲ್ವು ತೆರೆಯುವ ತನಕ ಮುಳ್ಳು ಸುಮ್ಮನೆ ಮೇಲೇರುತ್ತದೆ. ಕೈಗೇಜಿನಿಂದ ಪದೇ ಪದೇ ಅಳೆಯುವುದೂ ಬೇಡ. ಸಪೂರ ಟ್ಯೂಬಿನಲ್ಲಿರುವ ಗಾಳಿಯೇ ಕಡಿಮೆ, ಪ್ರತಿ ಸಲವೂ ಸ್ವಲ್ಪ ಸೋರುತ್ತದೆ. ಅಂದಹಾಗೆ, ಪಂಪು ಕಿತ್ತಾಗ ಬರುವ ದೊಡ್ಡ ಸದ್ದಿಗೆ ಹೆದರಬೇಡಿ, ಅದು ಹೆಚ್ಚಿನಂಶ ಪಂಪಿನ ಪೈಪಿನ ಗಾಳಿ.

ವುಡ್ಸ್ ವಾಲ್ವಿಗೆ ನಾವು ಈಗ ಮಾಡುವುದು ಇಷ್ಟು. ಮೊದಲು ಹೊಸ ವಾಲ್ ಟ್ಯೂಬ್ ಹಾಕುತ್ತೇವೆ. ಪಂಪನ್ನು ನಿಧಾನವಾಗಿ ಒತ್ತಿ, ಗಾಳಿ ಒಳಸೇರಲು ಶುರುವಾಗುವಾಗ ಮುಳ್ಳು ಎಲ್ಲಿದೆಯೆಂದು ನೋಡುತ್ತೇವೆ. ನಿಜವಾದ ಒತ್ತಡ ಅದಕ್ಕಿಂತ ಕೊಂಚ ಕಡಿಮೆಯೇ ಇರುತ್ತದೆ. ಆಮೇಲೆ ಚಕ್ರದ ಎರಡು ಬದಿಯನ್ನೂ ಹೆಬ್ಬೆರಳಿನಿಂದ ಅದುಮುತ್ತೇವೆ, ಸವಾರನನ್ನು ಕೂರಿಸಿ ಹಿಂದಿನ ಟಯರು ಎಷ್ಟು ಚಪ್ಪಟೆಯಾಗುತ್ತದೆಂದು ಬಗ್ಗಿ ನೋಡುತ್ತೇವೆ. ಬೇಕಲಕ್ಕೆ ಎರಡನೇ ಸಲ ಹೋದಾಗ ಕರಿ ಸೈಕಲು ಕುಂಬಳೆಯಲ್ಲಿ ನಿಲ್ಲಲಿಲ್ಲ. ಅಜ್ಜನ ಅಂಗಡಿಯೆದುರು ಬೆಲ್ಲು ಬಾರಿಸಿ ಮುಂದೆ ಹೋದೆವು.