ತವರು ಯಾವ ರಾಜ್ಯದಾಗ?

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಲಬುರಗಿ ಜಿಲ್ಲಾದ ತಾಲೂಕು, ಇದು ನಿಮಗ ಗೊತ್ತಿದ್ದದ್ದೇ. ಆದ್ರ ಹೊಳಿ ಆಚಿಯ ಮುದುಕೇರು 'ಮಗಳಿಗಿ ಮೊಗಲಾಯಿದಾಗ ಕೊಟ್ಟೀವಿ' ಅಂತಿದ್ರಲ್ಲ, ಆ ಮಾತಿನ ಹಿಂದ ಒಂದು ಗಡಿ ಅದ ನೋಡ್ರಿ. ಮೊಗಲಾಯಿ ಅಂದ್ರ ಹೈದರಾಬಾದ ನಿಜಾಮನ ಸೀಮಿ, ಅಂದ್ರ ನಮ್ಮದು.

ಅಫಜಲಪುರ ಭೀಮಾ ಹೊಳಿ ಈ ದಂಡಿಗಿ, ಇಂಡಿ-ಸಿಂದಗಿ ಆ ದಂಡಿಗಿ. ಜೇವರ್ಗಿಗೂ ಸಿಂದಗಿಗೂ ನಡುವ ಹೊಳಿನೂ ಇಲ್ಲ, ಹೊಲಕ್ಕ ಹೊಲ ಹತ್ತ್ಯಾದ. ಆಳಂದದ ಆ ಕಡಿ ಅಕ್ಕಲಕೋಟ, ಉಮರ್ಗಾ. ಆಳಂದ ಸೀಮಿಯಿಂದ ಬರೋ ಅಮರ್ಜಾ ಗಾಣಗಾಪುರದ ಸಂಗಮದಾಗ ಭೀಮಾಕ್ಕ ಕೂಡ್ತದ. ನಾವು ಹುಣ್ಣಿವಿಗಿ ಮುಳಗಾಕ ಹೋಗೋದು ಅಲ್ಲೇ.

ನಿಜಾಮನ ದಿವಾನ ಸಾಲಾರ್ ಜಂಗ್ 1865ರಾಗ 'ಜಿಲ್ಲಾಬಂದಿ' ಅಂತ ಮಾಡಿ ಸೀಮಿಯನ್ನ ಜಿಲ್ಲಾ, ತಾಲೂಕು ಅಂತ ಹಂಚಿದ. ಆವಾಗ ಕಲೆಕ್ಟರಗ 'ಅವ್ವಲ್ ತಾಲೂಕದಾರ' ಅಂತಿದ್ರು. ಕಚೇರಿ ಕಾಗದ ಉರ್ದುದಾಗ. ಮನ್ಯಾಗ ಕನ್ನಡ ಮಾತಾಡೋರು ಹೊಲದ ಕಾಗದ ಓದಿಸ್ಲಿಕ್ಕ ಇನ್ನೊಬ್ರ ಕಡಿ ಹೋಗಬೇಕು! ರೊಕ್ಕನೂ ಬ್ಯಾರೆ. ನಮ್ಮದು ಹಾಲಿ ಸಿಕ್ಕಾ, ಸಿಂದಗಿ ಕಡಿ ಇಂಗ್ರೇಜಿ ರೂಪಾಯಿ. ಮಾಲು ಗಡಿ ದಾಟಿದ್ರ ಸುಂಕ, ಅದಕ್ಕ 'ಕರೋಡಗಿರಿ' ಅಂತ ಹೆಸರು.

ಈ ಗಡಿ ಎಷ್ಟು ದೊಡ್ಡದು ಅಂತ ತಿಳಿದದ್ದು 1947ಕ್ಕ. ಆಗಸ್ಟ್ 15ಕ್ಕ ಸಿಂದಗಿ, ಇಂಡಿದಾಗ ಸ್ವಾತಂತ್ರ್ಯ ಬಂತು, ನಮಗ ಬರಲಿಲ್ಲ. ಮಗಳು ಈ ಕಡಿ, ತವರು ಆ ಕಡಿ. ರಜಾಕಾರರ ಹೆದರಿಕಿಗಿ ಎಷ್ಟೋ ಮಂದಿ ಗಡಿ ದಾಟಿ ಸೊಲ್ಲಾಪುರ, ವಿಜಾಪುರ ಕಡಿ ಹೋದ್ರು. 1948ರ ಸೆಪ್ಟೆಂಬರ್ 13ಕ್ಕ ಭಾರತದ ಸೈನ್ಯ ಒಳಗ ಬಂತು, 17ಕ್ಕ ನಿಜಾಮ ಶರಣಾದ. ಒಂದು ವರ್ಷದ ಮ್ಯಾಲ ಒಂದು ತಿಂಗಳು ತಡ.

1956ರ ನವೆಂಬರ್ 1ಕ್ಕ ಎಲ್ಲಾ ತಿರುಗಾಮುರುಗಾ ಆಯ್ತು. ಪರದೇಶ ಇದ್ದಂಗಿದ್ದ ಸಿಂದಗಿ, ಇಂಡಿ ನಮ್ಮ ರಾಜ್ಯಕ್ಕೇ ಬಂದ್ವು. ನಿಜಾಮನ ಕಾಲದಾಗ ನಮ್ಮ ಕೂಡೇ ಇದ್ದ ಉಮರ್ಗಾ ಮುಂಬೈ ರಾಜ್ಯಕ್ಕ ಹೋಯ್ತು, 1960ರಿಂದ ಮಹಾರಾಷ್ಟ್ರ. ಅಕ್ಕಲಕೋಟದಾಗ ಸಂಸ್ಥಾನದ ರಾಜರಿದ್ರು, ಅದೂ ಈಗ ಅತ್ತಾಗೇ. ಭಾಷಾ ನೋಡಿ ಗೆರಿ ಎಳೆದ್ರು ಅಂತಾರ, ಆದ್ರ ಅಕ್ಕಲಕೋಟ ಸಂತ್ಯಾಗ ನಿಂತು ಕೇಳ್ರಿ, ಎಷ್ಟು ಕನ್ನಡ ಕಿವಿಗಿ ಬೀಳ್ತದ! ನನಗಂತೂ ಆ ಲೆಕ್ಕ ಪೂರಾ ಒಪ್ಪಿಗಿ ಆಗಿಲ್ಲ.

ಜೇವರ್ಗಿನೇ ಈಗ ಒಡದು ಯಡ್ರಾಮಿ ಬ್ಯಾರೆ ತಾಲೂಕ ಆಗ್ಯಾದ, ಅದು ಹೊಸಾ ಗೆರಿ. ಇನ್ನ ಹಳೀ ನಿಜಾಮನ ಗೆರಿ ಅಳಿಸಿಹೋಯ್ತು ಅಂದ್ಕೊಂಡ್ರ, ಹುಡುಗರ ಕಾಲೇಜ್ ಅರ್ಜಿ ತುಂಬೋ ಮುಂದ ಮತ್ತ ಕಾಣ್ತದ. 371(ಜೆ) ಮೀಸಲಾತಿಗಿ ಜೇವರ್ಗಿ ಒಳಗ, ಸಿಂದಗಿ ಹೊರಗ. ನಡುವ ಒಂದು ಬದು ಅಷ್ಟೇ.