ಆರು ತಂತಿಯ ಬೇಸ್ ಗಿಟಾರ್: ಮಂಗಳೂರಿನಲ್ಲಿ ಆಯ್ಕೆ ಮತ್ತು ಬಳಕೆ

ರೂಢಿಯ ನಾಲ್ಕು ತಂತಿಯ ಬೇಸ್ ಗಿಟಾರಿಗೆ ತಗ್ಗಿನ ಕಡೆ ಒಂದು, ಏರಿನ ಕಡೆ ಒಂದು ತಂತಿ ಸೇರಿಸಿ ರೂಪಿಸಿದ ವಿದ್ಯುತ್ ವಾದ್ಯವೇ ಆರು ತಂತಿಯ ಬೇಸ್ ಗಿಟಾರ್. ತಂತಿಗಳ ಶ್ರುತಿ ದಪ್ಪದಿಂದ ತೆಳುವಿಗೆ ಬಿ, ಇ, ಎ, ಡಿ, ಜಿ, ಸಿ. ದಪ್ಪ ತಂತಿಯನ್ನು ಬೆರಳಿಡದೆ ಮೀಟಿದರೆ ಸೆಕೆಂಡಿಗೆ ಸುಮಾರು 31 ಕಂಪನಗಳ ಸ್ವರ ಬರುತ್ತದೆ. ತೆಳು ತಂತಿಯ 24ನೇ ಫ್ರೆಟ್‌ನಲ್ಲಿ ಅದು 523ಕ್ಕೆ ಏರುತ್ತದೆ. 24 ಫ್ರೆಟ್‌ಗಳ ನಾಲ್ಕು ತಂತಿಯ ವಾದ್ಯದಲ್ಲಿ 40 ಬೇರೆ ಬೇರೆ ಸ್ವರಗಳು ಸಿಕ್ಕಿದರೆ ಇದರಲ್ಲಿ 50 ಸಿಗುತ್ತವೆ. ಮಂಗಳೂರಿನ ವೇದಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಾಲ್ಕು ಮತ್ತು ಐದು ತಂತಿಯ ಬೇಸ್‌ಗಳು. ಆರು ತಂತಿಯದು ಅಪರೂಪ. ಕೊಳ್ಳಬೇಕೆಂದಿರುವವರು ಹೆಚ್ಚು ಎಚ್ಚರದಿಂದ ಆರಿಸಬೇಕಾಗುವುದೂ ಈ ಕಾರಣಕ್ಕೇ.

ಹುಟ್ಟು

ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ನಾಲ್ಕು ತಂತಿಯದು. ನಟ್‌ನಿಂದ ಬ್ರಿಜ್‌ವರೆಗಿನ ಅದರ ತಂತಿಯುದ್ದ, ಅಂದರೆ ಸ್ಕೇಲ್, 34 ಅಂಗುಲ. ಇಂದಿಗೂ ಹೆಚ್ಚಿನ ಬೇಸ್‌ಗಳ ಅಳತೆ ಇದೇ. ಆರು ತಂತಿಯ ಯೋಚನೆ ಮೊದಲು ಬಂದದ್ದು ಬೇರೆ ದಾರಿಯಿಂದ. 1956ರಲ್ಲಿ ಡ್ಯಾನೆಲೆಕ್ಟ್ರೊ, 1961ರಲ್ಲಿ ಫೆಂಡರ್ ಹೊರತಂದ ಆರು ತಂತಿಯ ಬೇಸ್‌ಗಳು ಸಾಮಾನ್ಯ ಗಿಟಾರಿನ ಶ್ರುತಿಯನ್ನೇ ಒಂದು ಸ್ಥಾಯಿ ಕೆಳಗಿಳಿಸಿದ ವಾದ್ಯಗಳು. ಫೆಂಡರ್‌ನ ಬೇಸ್ ಸಿಕ್ಸ್‌ನ ಸ್ಕೇಲ್ 30 ಅಂಗುಲ ಮಾತ್ರ, ತಂತಿಗಳೂ ಒತ್ತೊತ್ತಾಗಿವೆ. ಅದರಲ್ಲಿ ತಗ್ಗಿನ ಬಿ ಇಲ್ಲ. ಎರಡೂ ಬಗೆಗೆ ‘ಆರು ತಂತಿಯ ಬೇಸ್’ ಎಂಬ ಒಂದೇ ಹೆಸರು ಓಡಾಡುವುದರಿಂದ, ಚಿತ್ರ ನೋಡಿ ಆನ್‌ಲೈನ್‌ನಲ್ಲಿ ತರಿಸುವವರು ಸ್ಕೇಲನ್ನೂ ಶ್ರುತಿಯನ್ನೂ ಓದಿಯೇ ಹಣ ಕಟ್ಟಬೇಕು.

ಇಂದಿನ ಬಿ–ಸಿ ಶ್ರುತಿಯ ವಾದ್ಯ ಅಮೆರಿಕದ ಬೇಸ್ ವಾದಕ ಆಂತನಿ ಜ್ಯಾಕ್ಸನ್ ಅವರ ಕನಸು. ಗಿಟಾರ್ ಕುಲದ ಅತಿ ತಗ್ಗಿನ ಸದಸ್ಯನಾದ ಬೇಸ್‌ಗೆ ನಾಲ್ಕೇ ತಂತಿ ಏಕಿರಬೇಕು ಎಂಬುದು ಅವರ ವಾದವಾಗಿತ್ತು. ಅವರ ಬೇಡಿಕೆಯಂತೆ ವಾದ್ಯ ತಯಾರಕ ಕಾರ್ಲ್ ಥಾಮ್ಸನ್ 1975ರಲ್ಲಿ ಮೊದಲ ವಾದ್ಯ ಮಾಡಿಕೊಟ್ಟರು. ಜ್ಯಾಕ್ಸನ್ ಅದನ್ನು ಕಾಂಟ್ರಾಬೇಸ್ ಗಿಟಾರ್ ಎಂದು ಕರೆದರು. ಮುಂದೆ ಬ್ರೂಕ್ಲಿನ್‌ನ ಫೊಡೆರಾ ಸಂಸ್ಥೆ ಜ್ಯಾಕ್ಸನ್ ಅವರಿಗಾಗಿ 36 ಅಂಗುಲ ಸ್ಕೇಲಿನ ವಾದ್ಯ ರೂಪಿಸಿತು. ಜಾಝ್‌ನಲ್ಲಿ ಜಾನ್ ಪ್ಯಾಟಿಟೂಚಿ, ರಾಕ್‌ನಲ್ಲಿ ಡ್ರೀಮ್ ಥಿಯೇಟರ್ ತಂಡದ ಜಾನ್ ಮ್ಯುಂಗ್ ಇದನ್ನು ಕೇಳುಗರಿಗೆ ಪರಿಚಯಿಸಿದರು.

ಮಂಗಳೂರಿನ ಹಿನ್ನೆಲೆ

ಈ ನಗರಕ್ಕೆ ಪಶ್ಚಿಮದ ವಾದ್ಯಗಳು ಹೊಸವಲ್ಲ. ಚರ್ಚುಗಳ ಗಾಯನ ಮಂಡಳಿ, ಮದುವೆಯ ಬ್ರಾಸ್ ಬ್ಯಾಂಡ್, ಕ್ರೈಸ್ತರ ಮದುವೆಯ ಮುನ್ನಾದಿನದ ರೋಸ್ ಸಂಜೆಯ ಹಾಡು, ಕೊಂಕಣಿ ಬೈಲಾ, ತುಳು ನಾಟಕದ ಹಿನ್ನೆಲೆ ಸಂಗೀತ, ಊರೂರಿನ ರಸಮಂಜರಿ ಇವೆಲ್ಲ ಇಲ್ಲಿನ ವಾದಕರನ್ನು ಬೆಳೆಸಿವೆ. ‘ಕೊಂಕಣ್ ಕೋಗುಳ್’ ಎಂದು ಹೆಸರಾದ ವಿಲ್ಫಿ ರೆಬಿಂಬಸ್ (1942–2010) ಅವರ ಸಂಗೀತ ಸಂಜೆಗಳು ಕೊಂಕಣಿ ಹಾಡಿಗೆ ಪೂರ್ಣ ವಾದ್ಯವೃಂದದ ರುಚಿ ಹತ್ತಿಸಿದವು. 1986ರಲ್ಲಿ ಹುಟ್ಟಿದ ಕೊಂಕಣಿ ಸಾಂಸ್ಕೃತಿಕ ಸಂಸ್ಥೆ ಮಾಂಡ್ ಸೊಭಾಣ್ 2008ರ ಜನವರಿಯಲ್ಲಿ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು. ಶಕ್ತಿನಗರದಲ್ಲಿರುವ ಆ ಸಂಸ್ಥೆಯ ಕಲಾಕೇಂದ್ರ ಕಲಾಂಗಣ್ ಇಂದಿಗೂ ವಾದಕರಿಗೆ ಒಂದು ನೆಲೆ.

ಪರದೇಶದ ವಾದ್ಯವನ್ನು ಇಲ್ಲಿನ ಸಂಗೀತಕ್ಕೆ ಒಗ್ಗಿಸುವುದು ಹೇಗೆ ಎಂಬುದಕ್ಕೆ ಈ ಊರಿನಲ್ಲೇ ದೊಡ್ಡ ಮಾದರಿಯಿದೆ. ಬಂಟ್ವಾಳ ತಾಲೂಕಿನ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತು, ಗಮಕಗಳಿಗೆ ತಕ್ಕಂತೆ ವಾದ್ಯವನ್ನೇ ಮಾರ್ಪಡಿಸಿಕೊಂಡು ಕರ್ನಾಟಕ ಸಂಗೀತ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮೆನಾಡ್ ಕಛೇರಿಯಲ್ಲಿ ಅವರ ವಾದನವಿತ್ತು. ವಾದ್ಯ ಕೈಗೆ ಹೇಗೆ ಬಂತೋ ಹಾಗೇ ನುಡಿಸಬೇಕೆಂಬ ನಿಯಮವಿಲ್ಲ, ನಮ್ಮ ಹಾಡಿಗೆ ಬೇಕಾದದ್ದನ್ನು ಅದರಿಂದ ಕೇಳಿ ಪಡೆಯಬಹುದು ಎಂದು ಅವರು ತೋರಿಸಿಕೊಟ್ಟರು. ಆರು ತಂತಿಯ ಬೇಸನ್ನು ಆರಿಸುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗದು.

ಯಾರಿಗೆ ಬೇಕು

ಗಾಯಕರ ಶ್ರುತಿಗೆ ಹೊಂದಿಕೊಳ್ಳಬೇಕಾದ ವಾದಕನಿಗೆ ಇದರ ಉಪಯೋಗ ಮೊದಲು ತಿಳಿಯುತ್ತದೆ. ಕರಾವಳಿಯಲ್ಲಿ ಶ್ರುತಿಯನ್ನು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳುವುದು ರೂಢಿ. ಯಕ್ಷಗಾನದ ಭಾಗವತರೂ ಹಾಗೆಯೇ ಹೇಳುತ್ತಾರೆ. ಗಾಯಕಿ ‘ಕಪ್ಪು ಎರಡು’ ಎಂದರೆ ಷಡ್ಜ ಡಿ ಶಾರ್ಪ್. ನಾಲ್ಕು ತಂತಿಯ ಬೇಸ್ ಇ ಸ್ವರಕ್ಕೇ ನಿಂತುಬಿಡುವುದರಿಂದ ಆ ಷಡ್ಜದ ಅತಿ ತಗ್ಗಿನ ರೂಪ ಅದರಲ್ಲಿ ಇಲ್ಲ. ಎ ತಂತಿಯ ಆರನೇ ಫ್ರೆಟ್‌ನಲ್ಲಿ, ಒಂದು ಸ್ಥಾಯಿ ಮೇಲೆ ಸಿಗುವುದಕ್ಕೇ ತೃಪ್ತಿಪಡಬೇಕು. ಬಿ ತಂತಿ ಇದ್ದರೆ ಅದರ ನಾಲ್ಕನೇ ಫ್ರೆಟ್‌ನಲ್ಲಿ, ಸುಮಾರು 39 ಕಂಪನಗಳ ಆಳದಲ್ಲಿ ಷಡ್ಜ ಕೂತಿರುತ್ತದೆ. ಹಾಡು ಪಲ್ಲವಿಗೆ ಮರಳುವಾಗ ಆ ಸ್ವರ ಒಮ್ಮೆ ಬಿದ್ದರೆ ಇಡೀ ಸಭಾಂಗಣದ ಉಸಿರು ಬದಲಾಗುತ್ತದೆ.

ಇಷ್ಟಕ್ಕೆ ಐದು ತಂತಿ ಸಾಕು, ನಿಜ. ಆರನೆಯದು, ಅಂದರೆ ಏರಿನ ಸಿ ತಂತಿ, ಬೇಕಾಗುವುದು ಬೇಸ್ ವಾದಕ ಬುನಾದಿಯ ಕೆಲಸದ ಜೊತೆಗೆ ರಾಗವನ್ನೋ ಮೂರು ಸ್ವರಗಳ ಕಾರ್ಡನ್ನೋ ನುಡಿಸಬೇಕಾದಾಗ. ಕೀಬೋರ್ಡ್ ಇಲ್ಲದ ಮೂವರ ತಂಡ, ವಯಲಿನ್ ಅಥವಾ ಸ್ಯಾಕ್ಸೋಫೋನಿನೊಂದಿಗೆ ಫ್ಯೂಶನ್ ಕಛೇರಿ, ಒಂಟಿ ಬೇಸ್ ವಾದನ ಇವು ಅದರ ಜಾಗಗಳು. ಮದುವೆ ಮನೆಯಲ್ಲಿ ಬೈಲಾ ನುಡಿಸುವುದೇ ಮುಖ್ಯ ಕೆಲಸವಾದರೆ ಆರು ತಂತಿಗೆ ಸುರಿಯುವ ಹಣವನ್ನು ಒಳ್ಳೆಯ ಐದು ತಂತಿಗೂ ಒಳ್ಳೆಯ ಆಂಪ್‌ಗೂ ಹಂಚುವುದು ಜಾಣತನ. ಗಮಕಕ್ಕೆಂದೇ ಕೊಳ್ಳುವವರು ಫ್ರೆಟ್ ಇಲ್ಲದ ಬಗೆಯನ್ನೂ ನೋಡಬಹುದು. ಆದರೆ ಅಷ್ಟು ಅಗಲದ ಹಲಗೆಯ ಮೇಲೆ ಸ್ವರಸ್ಥಾನ ತಪ್ಪದಂತೆ ನುಡಿಸಲು ವಯಲಿನ್‌ಗೆ ಬೇಕಾದಷ್ಟೇ ಸಾಧನೆ ಬೇಕು.

ಬಿ ತಂತಿಯ ಪರೀಕ್ಷೆ

ಆರು ತಂತಿಯ ಬೇಸ್ ಒಳ್ಳೆಯದೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ಅದರ ಬಿ ತಂತಿ. ಕಳಪೆ ವಾದ್ಯದಲ್ಲಿ ಇ ತಂತಿಯವರೆಗೂ ಸ್ಪಷ್ಟವಾಗಿದ್ದ ಸ್ವರ ಬಿಗೆ ಬಂದೊಡನೆ ಸಡಿಲ ಹಗ್ಗ ಎಳೆದಂತೆ ಗೊಡಗೊಡ ಎನ್ನುತ್ತದೆ. ಕಾರಣ ಸರಳ. ಅಷ್ಟು ತಗ್ಗಿನ ಶ್ರುತಿಗೆ ತಂತಿ ದಪ್ಪವಿರಬೇಕು, ರೂಢಿಯ ಸೆಟ್‌ನಲ್ಲಿ ಅದು 0.130 ಅಂಗುಲ. ಅದರ ಬಿಗಿತವೋ ಇತರ ತಂತಿಗಳಿಗಿಂತ ಕಡಿಮೆ. ಸ್ಕೇಲ್ 34ರಿಂದ 35 ಅಂಗುಲಕ್ಕೆ ಏರಿದರೆ ಅದೇ ತಂತಿ, ಅದೇ ಶ್ರುತಿಯಲ್ಲಿ ಬಿಗಿತ ಸುಮಾರು ಶೇ. 6ರಷ್ಟು ಹೆಚ್ಚುತ್ತದೆ. ಹಾಗಂತ ಉದ್ದವೊಂದೇ ಗುಣವಲ್ಲ. ನೆಕ್ ಗಟ್ಟಿಯಾಗಿ ಕೂತಿದ್ದರೆ, ನಟ್‌ನ ಕಚ್ಚು ಸರಿಯಾಗಿ ಕೊರೆದಿದ್ದರೆ 34 ಅಂಗುಲದಲ್ಲೂ ಬಿ ಚೆನ್ನಾಗಿ ಮಾತಾಡುತ್ತದೆ. ಕೈ ಚಿಕ್ಕದಿರುವವರಿಗೆ ಅದೇ ಅನುಕೂಲ.

ಅಂಗಡಿಯಲ್ಲಿ ಮಾಡಬೇಕಾದ್ದು ಇಷ್ಟು. ಆಂಪ್‌ಗೆ ಜ್ಯಾಕ್ ಚುಚ್ಚುವ ಮೊದಲು ವಾದ್ಯವನ್ನು ತೊಡೆಯ ಮೇಲಿಟ್ಟು, ಕಿವಿಯನ್ನು ಮೇಲಿನ ಕೊಂಬಿಗೆ ಆನಿಸಿ ಬಿ ತಂತಿ ಮೀಟಬೇಕು. ಮರದ ಮೂಲಕ ಬರುವ ಆ ಸದ್ದು ಪಿಕಪ್‌ನ ಬಣ್ಣವಿಲ್ಲದ ನಿಜ. ಬಳಿಕ ಇ ಸ್ವರವನ್ನು ಇ ತಂತಿಯಲ್ಲಿ ಬೆರಳಿಡದೆ ಒಮ್ಮೆ, ಬಿ ತಂತಿಯ ಐದನೇ ಫ್ರೆಟ್‌ನಲ್ಲಿ ಒಮ್ಮೆ ನುಡಿಸಿ ಹೋಲಿಸಬೇಕು. ಎರಡೂ ಒಂದೇ ಮನೆಯ ಮಕ್ಕಳಂತೆ ಕೇಳಿಸಬೇಕು. ಹಾಗೆಯೇ ಸಿ ತಂತಿಯ ಹನ್ನೆರಡನೇ ಫ್ರೆಟ್‌ನಿಂದ ಮೇಲೆ ಒಂದೊಂದೇ ಸ್ವರ ನುಡಿಸುತ್ತ ಹೋದರೆ ತೆಳ್ಳಗೆ ಕೀರಲಾಗುವ ಜಾಗ ಗೊತ್ತಾಗುತ್ತದೆ.

ಆಂಪ್‌ನ ಮಾತೂ ಇಲ್ಲೇ ಬರಬೇಕು. 31 ಕಂಪನಗಳ ಮೂಲಸ್ವರವನ್ನು ಚಿಕ್ಕ ಕ್ಯಾಬಿನೆಟ್‌ಗಳು ಪೂರ್ತಿ ಹೊರಡಿಸಲಾರವು. ನಾವು ಕೇಳುವುದು ಹೆಚ್ಚಾಗಿ 62, 93 ಕಂಪನಗಳ ಉಪಸ್ವರಗಳನ್ನು. ಅವುಗಳಿಂದ ಕಿವಿಯೇ ಮೂಲವನ್ನು ಊಹಿಸಿಕೊಳ್ಳುತ್ತದೆ. ಎತ್ತರದ ಚಾವಣಿಯ ಹಳೆಯ ಚರ್ಚುಗಳಲ್ಲಂತೂ ತಗ್ಗಿನ ಸ್ವರ ಬೇಗ ಕರಗದೆ ಮುಂದಿನ ಸ್ವರದ ಮೇಲೆ ಕೂರುತ್ತದೆ. ಅಲ್ಲಿ ಬಿ ತಂತಿಯನ್ನು ಹಬ್ಬದ ಊಟದ ಪಾಯಸದಂತೆ ಹಿತಮಿತವಾಗಿ ಬಳಸಬೇಕು.

ನೆಕ್ ಮತ್ತು ಕೈ

ಐಬಾನೀಜ್‌ನ ಎಸ್‌ಆರ್ ಸರಣಿಯಂಥ ಸಾಮಾನ್ಯ ಬಜೆಟ್ಟಿನ ಆರು ತಂತಿಗಳಲ್ಲಿ ನಟ್‌ನ ಅಗಲ ಸುಮಾರು 54 ಮಿ.ಮೀ. ನಾಲ್ಕು ತಂತಿಯದು 38ರಿಂದ 42. ಈ ಅಗಲಕ್ಕೆ ಹೆಬ್ಬೆರಳು ನೆಕ್‌ನ ಹಿಂಬದಿಯ ನಡುವಿನಲ್ಲೇ ನಿಲ್ಲಬೇಕು, ಮೇಲಕ್ಕೆ ಚಾಚಿ ಹಿಡಿಯುವ ಅಭ್ಯಾಸ ಬಿಡಬೇಕು. ಬ್ರಿಜ್ ಬಳಿ ತಂತಿಗಳ ನಡುವಿನ ಅಂತರ 16.5 ಮಿ.ಮೀ. ಇದ್ದರೆ ಎಡಗೈಗೆ ಹಗುರ, 19 ಇದ್ದರೆ ಬಲಗೈ ಹೆಬ್ಬೆರಳಿನಿಂದ ಹೊಡೆದು ನುಡಿಸಲು ಸಲೀಸು. ಎರಡರಲ್ಲಿ ಯಾವುದು ಎಂಬುದನ್ನು ಸ್ವಂತ ಕೈ ಹೇಳಬೇಕು, ಜಾಹೀರಾತು ಹೇಳಲಾರದು. ನಿಂತು ನುಡಿಸಿ ಕೈಬಿಟ್ಟಾಗ ತಲೆಯ ಕಡೆ ನೆಲಕ್ಕೆ ಜಾರುವ ವಾದ್ಯವನ್ನು ಎಷ್ಟೇ ಚೆಂದವಿದ್ದರೂ ಬಿಡುವುದು ಒಳ್ಳೆಯದು. ಮೂರು ಗಂಟೆಯ ರಸಮಂಜರಿಯಲ್ಲಿ ಅದರ ಭಾರವನ್ನೆಲ್ಲ ಎಡಗೈ ಹೊರಬೇಕಾಗುತ್ತದೆ.

ಮಳೆ ಮತ್ತು ಉಪ್ಪುಗಾಳಿ

ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚೆಂಡೆ ಮದ್ದಳೆಯವರಿಗೆ ಗೊತ್ತಿರುವ ಸಂಗತಿಯೇ ಇದು: ಗಾಳಿಯ ತೇವ ವಾದ್ಯದ ಮೈಗೆ ಇಳಿಯುತ್ತದೆ. ಆರು ತಂತಿಗಳ ಒಟ್ಟು ಎಳೆತ 100 ಕಿಲೋ ಮೀರುತ್ತದೆ. ಆ ಎಳೆತದ ಕೆಳಗಿರುವ ಅಗಲ ಮರ ತೇವ ಕುಡಿದಾಗ ಮುಂದಕ್ಕೋ ಹಿಂದಕ್ಕೋ ಬಾಗುತ್ತದೆ. ಬಾಗಿದ್ದನ್ನು ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದು. ತಿರುಚಿಕೊಂಡದ್ದನ್ನು ಸರಿಪಡಿಸುವುದು ಬಲು ಕಷ್ಟ. ಆದ್ದರಿಂದ ಒಂದೇ ತುಂಡಿನ ನೆಕ್‌ಗಿಂತ ಮೇಪಲ್, ವಾಲ್‌ನಟ್‌ಗಳ ಐದು ಪಟ್ಟಿಗಳನ್ನು ಅಂಟಿಸಿ ಮಾಡಿದ, ಒಳಗೆ ಗ್ರಾಫೈಟ್ ಅಥವಾ ಟೈಟಾನಿಯಂ ಸರಳು ಕೂರಿಸಿದ ನೆಕ್ ಈ ಊರಿಗೆ ಹೆಚ್ಚು ತಕ್ಕದ್ದು.

ಪರೀಕ್ಷೆ ಸುಲಭ. ಬಿ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒಟ್ಟಿಗೆ ಒತ್ತಿ ಹಿಡಿದು, ಏಳೆಂಟನೇ ಫ್ರೆಟ್‌ನ ಮೇಲೆ ಎಷ್ಟು ಸಂದು ಉಳಿದಿದೆ ನೋಡಬೇಕು. ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟಿದ್ದರೆ ಸರಿ. ಸಿ ತಂತಿಯಲ್ಲೂ ಅದೇ ಮಾಡಬೇಕು. ಒಂದರಲ್ಲಿ ಸಂದು ದೊಡ್ಡದು, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎಂದಾದರೆ ನೆಕ್ ತಿರುಚಿದೆ ಎಂದೇ ಅನುಮಾನಿಸಬೇಕು. ಕೈಬದಲಾದ ಹಳೆಯ ವಾದ್ಯ ಕೊಳ್ಳುವವರು ಈ ಪರೀಕ್ಷೆ ಮಾಡದೆ ಮುಂಗಡ ಕೊಡಬಾರದು.

ಕಡಲಗಾಳಿಯ ಉಪ್ಪು ಬ್ರಿಜ್‌ನ ಸಣ್ಣ ಸ್ಕ್ರೂಗಳನ್ನು ತುಕ್ಕು ಹಿಡಿಸಿ ಕಚ್ಚಿಸಿಬಿಡುತ್ತದೆ, ನಿಕಲ್ ತಂತಿಯ ಹೊಳಪನ್ನೂ ಬೇಗ ತಿನ್ನುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಅಥವಾ ಲೇಪನವಿರುವ ತಂತಿಗಳು ದುಬಾರಿಯಾದರೂ ಇಲ್ಲಿ ಹೆಚ್ಚು ಕಾಲ ಬಾಳುತ್ತವೆ. ಆರು ತಂತಿಯ ಸೆಟ್ ಬೇಕೆಂದಾಗಲೆಲ್ಲ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಒಂದನ್ನು ಮುಂಚೆಯೇ ತರಿಸಿ ಇಟ್ಟುಕೊಳ್ಳಬೇಕು.

ವಿದ್ಯುತ್ ಭಾಗ

ಹೆಚ್ಚಿನ ಆರು ತಂತಿಗಳು 9 ಅಥವಾ 18 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪ್ರಿಆಂಪ್ ಹೊಂದಿವೆ. ಬ್ಯಾಟರಿ ಸತ್ತರೂ ಸದ್ದು ನಿಲ್ಲದ, ಪ್ಯಾಸಿವ್ ಗುಂಡಿಯಿರುವ ವಾದ್ಯವೇ ಲೇಸು. ಶಾಮಿಯಾನದ ಜನರೇಟರ್, ದೀಪಾಲಂಕಾರ, ಅರ್ಥಿಂಗ್ ಇಲ್ಲದ ಪ್ಲಗ್ ಇರುವ ಕಡೆ ಸಿಂಗಲ್ ಕಾಯಿಲ್ ಪಿಕಪ್ ಗುಂಯ್ಗುಡುತ್ತದೆ. ಹಂಬಕರ್ ಬಗೆ ಸುಮ್ಮನಿರುತ್ತದೆ.

ಬೀಟಿ ಮರ

ಬೆರಳು ಹಲಗೆಗೆ ಜಗತ್ತಿನಾದ್ಯಂತ ಬಳಕೆಯಾದ ‘ಇಂಡಿಯನ್ ರೋಸ್‌ವುಡ್’ ಎಂದರೆ ನಮ್ಮ ಪಶ್ಚಿಮ ಘಟ್ಟದ ಬೀಟಿ. 2017ರ ಜನವರಿಯಲ್ಲಿ ಆ ಕುಲದ ಮರಗಳನ್ನೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ತಂದಾಗ ಹಲವು ತಯಾರಕರು ಜಟೋಬಾ, ಪಾವ್ ಫೆರೊ ಮುಂತಾದ ಮರಗಳತ್ತ ಹೊರಳಿದರು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ವಾದ್ಯದ ಗುಣವನ್ನು ಅಳೆಯುವಾಗ ಬೆರಳು ಹಲಗೆಯ ಮರ ಯಾವುದೆಂಬುದಕ್ಕಿಂತ ಅದು ಎಷ್ಟು ಚೆನ್ನಾಗಿ ಒಣಗಿದೆ ಎಂಬುದು ದೊಡ್ಡ ಮಾತು. ಆದರೂ ಹಳೆಯ ವಾದ್ಯವೊಂದರ ಕಪ್ಪುಗೆಂಪು ಹಲಗೆಯ ಮೇಲೆ ಬೆರಳಾಡಿಸುವ ಕರಾವಳಿಯ ವಾದಕ, ಸಾವಿರಾರು ಮೈಲಿ ಸುತ್ತಿ ಮರಳಿದ ಘಟ್ಟದ ಮರವನ್ನೇ ಮುಟ್ಟುತ್ತಿರಬಹುದು.

ಆರೈಕೆ

ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಯ ಮೊದಲು ಕೊಂಡ ವಾದ್ಯದ ನಿಜವಾದ ಗುಣ ತುಳುವರ ಮಳೆಗಾಲದ ತಿಂಗಳಾದ ಆಟಿಯಲ್ಲಿ ತಿಳಿಯುತ್ತದೆ. ಆಟಿಯಲ್ಲಿ ತುಳುವರ ಮದುವೆಗಳಿಲ್ಲ, ರಸಮಂಜರಿಗಳೂ ಕಡಿಮೆ. ಹಾಗಾಗಿ ತೇವ ಅತಿ ಹೆಚ್ಚಿರುವ ದಿನಗಳಲ್ಲೇ ವಾದ್ಯ ಚೀಲದೊಳಗೆ ಮರೆತುಹೋಗುತ್ತದೆ. ಚರ್ಮದ ಪಟ್ಟಿಗೆ ಬೂಷ್ಟು ಹಿಡಿದಿರುವುದು ಕಂಡಾಗಲೇ ಎಷ್ಟೋ ಮಂದಿಗೆ ಅದರ ನೆನಪಾಗುವುದು, ಅಷ್ಟು ಹೊತ್ತಿಗೆ ನೆಕ್ ಬಾಗಿರುತ್ತದೆ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ, ನುಡಿಸಿದ ಮೇಲೆ ತಂತಿಯನ್ನು ಒಣಬಟ್ಟೆಯಿಂದ ಒರೆಸಿ. ಕಾರ್ಯಕ್ರಮವಿರಲಿ, ಇಲ್ಲದಿರಲಿ, ಆಟಿಯಲ್ಲಿ ವಾರಕ್ಕೊಮ್ಮೆಯಾದರೂ ಅದನ್ನು ಹೊರತೆಗೆದು ನುಡಿಸಿ.